ಶನಿವಾರ ಕ್ಯಾಂಪಸ್ ಸುತ್ತಾಕ ಬರೋರಿಗೆ

ನಮಸ್ಕಾರ್ರಿ ಎಲ್ರಿಗೂ, ಶನಿವಾರ ಕರ್ನಾಟಕ ವಿಶ್ವವಿದ್ಯಾಲಯ ನೋಡಾಕ ಬರೋರು ಮುಂಜಾನೆ 7ಕ್ಕ ಮೇನ್ ಗೇಟ್ ಹತ್ರ ಇರ್ರಿ, ಏರು ಐತಿ, ಬೂಟ್ ಹಾಕ್ಕೊಂಡ್ ಬರ್ರಿ. ಹೊಸಬ್ರಿಗೆ ಹೇಳ್ಬೇಕಂದ್ರ, ಇದು 1949ರಾಗ ಮುಂಬೈದಾಗ ಶುರುವಾಗಿ ಮರುವರ್ಷ ಧಾರವಾಡಕ್ಕ ಬಂತು, ಆಗ ನಮ್ಮ ಕಡೆ ಎಲ್ಲಾ ಮುಂಬೈ ಪ್ರಾಂತದಾಗ ಇತ್ತಲ್ರಿ. ಕ್ಯಾಂಪಸ್ ಹಿಂಗ ಬೆಳದಿದ್ದು ಡಿ.ಸಿ. ಪಾವಟೆಯವ್ರು ವೈಸ್ ಚಾನ್ಸಲರ್ ಇದ್ದಾಗ, ಅದಕ್ಕ ಪಾವಟೆ ನಗರ ಅಂತಾರ. ಕಲಬುರಗಿ, ಬೆಳಗಾವಿ ಯೂನಿವರ್ಸಿಟಿನೂ ಮೊದಲು ಇದರ ಪಿಜಿ ಸೆಂಟರೇ! ಕನ್ನಡ ಸಂಶೋಧನಾ ಸಂಸ್ಥೆ ಅಂತೂ 1939ರದ್ದು, ಯೂನಿವರ್ಸಿಟಿಗಿಂತ ಹಿರೀದು, ಅದರ ಮ್ಯೂಸಿಯಂ ನನಗಂತೂ ಭಾಳ ಸೇರ್ತದ, ತೆರದಿದ್ರ ಒಳಗ ಹೋಗೂಣು. ಶಾಸನದ ಕಲ್ಲು ಮುಟ್ಟಬ್ಯಾಡ್ರಿ, ಸೆಲ್ಫಿ ಹೊರಗ ತಗೋರಿ. ಬರೋರು ಶುಕ್ರವಾರ ಸಂಜಿ ಒಳಗ ಇಲ್ಲೇ ಹೆಸ್ರು ಹಾಕ್ರಿ.