ಅಡಿಕೆ ಸುಲಿಯೋರ ಕೈನೋವಿನ ಬಗ್ಗೆನೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ಅಡಿಕೆ ಕೊಯ್ಲು ಶುರುವಾದ್ರೆ ನಿಮ್ಮ ಪೇಪರಲ್ಲಿ ರೇಟು, ಕೊಳೆರೋಗ, ಎಲೆಚುಕ್ಕಿ ಎಲ್ಲಾ ಬರುತ್ತೆ, ಬರಲಿ, ಬೇಕು ಅದು. ಆದ್ರೆ ರಾತ್ರಿ ತನಕ ಮೆಟ್ಟುಗತ್ತಿ ಮುಂದೆ ಕೂತು ಸುಲಿಯೋ ಹೆಂಗಸರ ಕೈ ಬಗ್ಗೆ ಒಂದು ಸಾಲೂ ಇರಲ್ಲ. ಸುಲಿದಷ್ಟಕ್ಕೇ ಕೂಲಿ, ಹಾಗಾಗಿ ಎಷ್ಟೇ ನೋವಿದ್ರೂ ಏಳಲ್ಲ, ಮೆಡಿಕಲ್ ಶಾಪಿಂದ ಪೇನ್ ಕಿಲ್ಲರ್ ತಂದು ನುಂಗಿ ಮತ್ತೆ ಕೂರ್ತಾರೆ, ಸೀಸನ್ ಪೂರ್ತಿ ಹೀಗೇ ನುಂಗಿದ್ರೆ ಹೊಟ್ಟೆ, ಕಿಡ್ನಿ ಏನಾಗ್ಬೇಕು?

ನಮ್ಮನೆಗೆ ಸುಲಿಯೋಕೆ ಬರೋರೆಲ್ಲ ಹೆಬ್ಬೆರಳ ಬುಡಕ್ಕೆ ಬಾಮ್ ತಿಕ್ಕಿ ತಿಕ್ಕಿ ಬಟ್ಟೆ ಕಟ್ಕೊಳ್ತಾರೆ. ಆದ್ರೆ ಬೆರಳು ಮಡಚೋ ದೊಡ್ಡ ಸ್ನಾಯುಗಳು ಇರೋದು ಮೊಣಕೈಗೂ ಮಣಿಕಟ್ಟಿಗೂ ನಡುವಿನ ಮಾಂಸದಲ್ಲಿ, ಬೆರಳಿಗೆ ಬರೋದು ಅದರ ಹುರಿ ಮಾತ್ರ. ನೋವು ಒಂದು ಕಡೆ ಮೂಲ ಇನ್ನೊಂದು ಕಡೆ ಇರಬಹುದು ಅನ್ನೋದನ್ನ ಅಮೆರಿಕದ ಅಧ್ಯಕ್ಷ ಕೆನಡಿಗೆ ಡಾಕ್ಟರಾಗಿದ್ದ ಜಾನೆಟ್ ಟ್ರಾವೆಲ್ ಸ್ನಾಯು ಸ್ನಾಯುವಿಗೂ ಚಿತ್ರ ಬರೆಸಿ ತೋರಿಸಿದ್ರು. ನಮ್ಮಲ್ಲಿ ಒಬ್ಬ ಅಕ್ಕನಿಗೆ ಅಂಗೈ ಮೇಲಾಗಿ ಕೈನ ತೊಡೆ ಮೇಲೆ ಇಟ್ಕೊಂಡು ಆ ಮಾಂಸದಲ್ಲಿ ನಿಧಾನ ಒತ್ತುತ್ತಾ ಹೋಗಿ ಅಂದೆ, ಅರ್ಧ ದಾರೀಲಿ ನಿಂತು "ಇಲ್ಲಿ ಒತ್ತಿದ್ರೆ ಹೆಬ್ಬೆರಳಿಗೆ ಹೋಗಿ ಚುಚ್ಚುತ್ತಲ್ಲೇ ಮಾರಾಯ್ತಿ" ಅಂದ್ರು. ಅದೇ ಜಾಗ! ಅಲ್ಲಿ ಮಣಿಕಟ್ಟಿಂದ ಮೊಣಕೈ ಕಡೆಗೆ ಒಂದೇ ದಿಕ್ಕಲ್ಲಿ ಮೆಲ್ಲಗೆ ನೀವಬೇಕು, ತಡ್ಕೊಳ್ಳೋವಷ್ಟೇ ನೋವಿರ್ಬೇಕು, ಉಸಿರು ಕಟ್ಟಬಾರ್ದು, ಒಂದೇ ಸಲ ಅರ್ಧ ಗಂಟೆ ತಿಕ್ಕೋ ಬದಲು ಒಂದೊಂದು ನಿಮಿಷ ದಿನಕ್ಕೆ ಐದಾರು ಸಲ. ಇನ್ನೊಂದು ಕೈ ಹೆಬ್ಬೆರಳೂ ಸೋತಿದ್ರೆ ಮೇಜಿನ ಮೇಲೆ ರಬ್ಬರ್ ಬಾಲ್ ಇಟ್ಟು ಅದರ ಮೇಲೆ ಕೈನ ಆ ಮಾಂಸದ ಭಾಗ ಉರುಳಿಸ್ಬಹುದು. ಹೆಗಲ ಹಿಂದಿನ ನೋವಿಗೆ ಹಳೇ ಸಾಕ್ಸಲ್ಲಿ ಟೆನ್ನಿಸ್ ಬಾಲ್ ಹಾಕಿ ಗೋಡೆಗೆ ಒರಗಿದ್ರಾಯ್ತು, ಬೆನ್ನುಮೂಳೆ ಮೇಲೆ ಮಾತ್ರ ಬೇಡ.

ನರದ ನೋವು ಬೇರೆ ವಿಷಯ, ಇದನ್ನ ಒತ್ತಿ ಹೇಳ್ತೀನಿ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ ಅಂದು ಎಚ್ಚರ ಆಗ್ತಿದ್ರೆ ಮಣಿಕಟ್ಟಲ್ಲಿ ನರ ಅದುಮಿಕೊಂಡಿರೋ ಸಾಧ್ಯತೆ ಇದೆ, ಅಲ್ಲೇ ಗಟ್ಟಿಯಾಗಿ ಒತ್ತಿದ್ರೆ ಇನ್ನೂ ಹೆಚ್ಚಾಗುತ್ತೆ, ಮಲಗುವಾಗ ಮಣಿಕಟ್ಟು ಮಡಚದ ಹಾಗೆ ಪಟ್ಟಿ ಕಟ್ಕೊಂಡು ಡಾಕ್ಟರಿಗೆ ತೋರಿಸ್ಬೇಕು. ಕೈಯಿಂದ ಲೋಟ ಜಾರ್ತಿದ್ರಂತೂ ತಡ ಮಾಡ್ಲೇಬಾರ್ದು. ಕೂತು ಕೂತು ಒಂದು ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ರೆ ಯಾರೂ ತಿಕ್ಕಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಕತ್ತಿನ ಮುಂಭಾಗನೂ ಒತ್ತಬಾರ್ದು. ಶುಗರ್ ಇದ್ದು ಕಾಲು ಮರಗಟ್ಟಿದೋರು ಜೋರಾಗಿ ಒತ್ಕೋಬೇಡಿ, ಗಾಯ ಆದ್ರೂ ಗೊತ್ತಾಗಲ್ಲ.

ಮುಂದಿನ ಕೊಯ್ಲಿಗೆ ಮುಂಚೆ ಒಬ್ಬ ಫಿಸಿಯೋಥೆರಪಿಸ್ಟ್ ಹತ್ರ ಇದನ್ನೆಲ್ಲಾ ಸರಿಯಾಗಿ ಬರೆಸಿ, ಅರ್ಧ ಪುಟ ಆದ್ರೂ ಕೊಡಿ. ಅಕ್ಷರ ಕಮ್ಮಿ ಇರಲಿ, ಕೈ ಎಲ್ಲಿಡಬೇಕು ಅಂತ ಫೋಟೋ ದೊಡ್ಡದಾಗಿ ಹಾಕಿ, ಸುಲಿಯೋ ಮನೆ ಗೋಡೆಗೆ ಅಂಟಿಸೋಕೆ ಆಗೋ ಹಾಗೆ.

ಓದುಗಿ, ಸಾಗರ ತಾಲೂಕು