ಡೇರಿ ಪಾಸ್‌ಬುಕ್ ಹೆಣ್ಣುಮಕ್ಕಳ ಹೆಸರಿಗೂ ಬರಲಿ

ಮಾನ್ಯರೇ,

ಹಸು ಸಾಕುವ ಹಳ್ಳಿ ಮನೆಗಳಲ್ಲಿ ಕೊಟ್ಟಿಗೆ ಕೆಲಸ ಜಾಸ್ತಿ ಮಾಡುವವರು ಹೆಂಗಸರು, ಡೇರಿಯ, ಅಂದರೆ ಊರಿನ ಹಾಲು ಸಹಕಾರ ಸಂಘದ, ಸದಸ್ಯತ್ವ ಮಾತ್ರ ಹೆಚ್ಚಾಗಿ ಗಂಡಸರ ಹೆಸರಿನಲ್ಲಿದೆ. ಇದು ಬದಲಾಗಬೇಕು.

ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಗಂಜಲ ತೊಳೆದು, ಬೂಸಾ ಕಲಸಿಟ್ಟು ಹಾಲು ಕರೆಯುವವರು ನಾವೇ. ಆಮೇಲೆ ಅಡುಗೆ, ಮಕ್ಕಳ ಸ್ಕೂಲು, ಹುಲ್ಲು. ಸಂಜೆ ಮತ್ತೆ ಅದೇ ಕೆಲಸ. ಹಬ್ಬಕ್ಕೆ ತವರಿಗೆ ಹೋದರೂ ಹಾಲು ಕರೆಯುವ ಹೊತ್ತಿಗೆ ವಾಪಸ್ ಬರಬೇಕು. ಹಸು ಬೆದೆಗೆ ಬಂದದ್ದನ್ನು ಮೊದಲು ಗುರುತಿಸುವುದೂ ಸಾಮಾನ್ಯವಾಗಿ ನಾವೇ. ಆ ಹೊತ್ತಿಗೆ ಗರ್ಭಧಾರಣೆ ಮಾಡಿಸುವುದು ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನದ ಮೇವು ಸುಮ್ನೆ ಖರ್ಚು, ಕರು ಹಾಕುವುದೂ ತಡ. ಇದು ಸಣ್ಣ ತಿಳಿವಳಿಕೆಯೇನಲ್ಲ, ಅಲ್ವಾ?

ಆದರೆ ಹಾಲಿನ ಹಣದ ಬಟವಾಡೆಯೂ, ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನವೂ ಹೋಗುವುದು ಪಾಸ್‌ಬುಕ್‌ನಲ್ಲಿ ಹೆಸರಿದ್ದವರಿಗೆ. ಸರ್ವಸದಸ್ಯರ ಸಭೆಯಲ್ಲಿ ಕೈ ಎತ್ತುವ ಹಕ್ಕೂ ಅವರದ್ದೇ. ಸಹಕಾರ ಸಂಘದ ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನವಿದೆ. ಸದಸ್ಯರೇ ಆಗದಿದ್ದರೆ ಅಲ್ಲಿ ಕೂರುವುದು ಹೇಗೆ?

ಮಹಿಳೆಯರೇ ನಡೆಸುವ ಹಾಲು ಸಂಘಗಳು ನಮ್ಮ ರಾಜ್ಯದಲ್ಲಿ ಎಷ್ಟೋ ಇವೆ. ಉಳಿದ ಸಂಘಗಳೂ ಈ ಸಲದ ವಾರ್ಷಿಕ ಸಭೆಗೆ ಮೊದಲೇ ಮನೆ ಮನೆಗೆ ಹೋಗಿ ವಿಚಾರಿಸಲಿ. ಹಸು ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ ಷೇರು ಕೊಟ್ಟು ಸದಸ್ಯರನ್ನಾಗಿ ಮಾಡಿಕೊಳ್ಳಲಿ, ಹಾಲಿನ ಹಣವನ್ನು ಅವರ ಖಾತೆಗೇ ಹಾಕಲಿ.

– ಹಾಲು ಉತ್ಪಾದಕಿ, ಮಂಡ್ಯ ಜಿಲ್ಲೆ