ಸಿಂಹದ ಗುರುತು ತೋರಿಸಿಕೊಟ್ಟವರಿಗೆ

ಸಾರ್, ನಿಮ್ಮ ಹೆಸರು ಕೇಳುವುದೇ ಮರೆತುಹೋಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕ ಪಿಸ್ತೂಲು ಟಿಪ್ಪು ಕಾಲದ್ದು ಅಂತಲೇ ನಮ್ಮ ದೊಡ್ಡಪ್ಪ ನಂಬಿದ್ದರು. ಊರಲ್ಲಿ ಕೇಪಿನ ಕೋವಿ (ಕೇಪು ಅಂದರೆ ಬಡಿದಾಗ ಕಿಡಿ ಹಾರಿ ಮದ್ದಿಗೆ ಬೆಂಕಿ ಕೊಡುವ ಸಣ್ಣ ಲೋಹದ ಟೋಪಿ) ಬೇಕಾದಷ್ಟು ನೋಡಿದ್ದೇವೆ. ಇದೂ ಕೇಪಿನದೇ, ಆದರೆ ಇಷ್ಟು ಗಿಡ್ಡದ್ದು ನೋಡಿರಲಿಲ್ಲ.

ನೀವು ಮೊದಲು ಕೇಳಿದ್ದು ಒಳಗೆ ಮದ್ದು ಉಳಿದಿದೆಯಾ ಅಂತ. ನಳಿಗೆಗೆ ಕಡ್ಡಿ ಇಳಿಸಿ, ಬಾಯಿ ಹತ್ತಿರ ಗುರುತು ಹಾಕಿ, ಅದೇ ಕಡ್ಡಿಯನ್ನು ಹೊರಗೆ ಇಟ್ಟು ಅಳೆಯಲು ಹೇಳಿದಿರಿ. ಕಡ್ಡಿ ನಳಿಗೆಯ ಬುಡದವರೆಗೂ ಇಳಿದಿತ್ತು, ಅಂದರೆ ಖಾಲಿ ಇತ್ತು. ಆ ಒಂದು ಮಾತಿಗೇ ನಾನು ಋಣಿ. ಮನೆಯಲ್ಲಿ ಮಕ್ಕಳಿದ್ದಾರೆ.

ಆಮೇಲೆ ಪಕ್ಕದ ತಗಡಿನ ಮೇಲೆ ಬೆಳಕು ಬಿಡಿಸಿದಿರಿ. ತುಕ್ಕಿನ ನಡುವೆ ಹಿಂಗಾಲಲ್ಲಿ ನಿಂತ ಸಿಂಹ, ಮುಂಗಾಲಲ್ಲಿ ಕಿರೀಟ. ಈಸ್ಟ್ ಇಂಡಿಯಾ ಕಂಪನಿಯ ಗುರುತು! ಮದ್ದು ಜಡಿಯುವ ಸರಳು ನಳಿಗೆಗೇ ಕೊಂಡಿಯಿಂದ ಸಿಕ್ಕಿಕೊಂಡಿದೆ, ಕುದುರೆ ಸವಾರನ ಕೈಯಿಂದ ಬಿದ್ದುಹೋಗದ ಹಾಗೆ. ಟಿಪ್ಪು ತೀರಿಕೊಂಡದ್ದು 1799ರಲ್ಲಿ, ಬ್ರಿಟಿಷರ ಸೈನ್ಯಕ್ಕೆ ಕೇಪು ಬಂದದ್ದು 1840ರ ಸುಮಾರಿಗೆ ಎಂದು ನೀವು ಬಿಡಿಸಿ ಹೇಳಿದಾಗ ದೊಡ್ಡಪ್ಪನೂ ಒಪ್ಪಿದರು.

ತುಕ್ಕು ಉಜ್ಜಿಲ್ಲ, ಸಾರ್. ನೀವು ಹೇಳಿದ ಹಾಗೆ ತೆಳುವಾಗಿ ಎಣ್ಣೆ ಮಾತ್ರ ಹಚ್ಚಿದ್ದೇವೆ. ಠಾಣೆಗೂ ತಿಳಿಸಿದ್ದೇವೆ. ತುಂಬಾ ತುಂಬಾ ಧನ್ಯವಾದ.